ಹಲಸಿನ ಮರದಿಂದ ವೀಣೆ

ಅಂದು ನಮ್ಮ ಕಲಿಕಾ ಕೇಂದ್ರದಲ್ಲಿ ‘ವ’ ಅಕ್ಷರದ ಪಾಠ. ಪುಸ್ತಕದಲ್ಲಿ ‘ವ’ ಪಕ್ಕದಲ್ಲಿ ವೀಣೆಯ ಚಿತ್ರ ಇತ್ತು.

“ಇದೇನು ಹೇಳಿ?” ಎಂದು ಕೇಳಿದೆ.

“ಸರಸ್ವತಿ ಕೈಯಲ್ಲಿರೋದು” ಎಂದು ಎಲ್ಲರೂ ಒಟ್ಟಿಗೆ ಹೇಳಿದರು.

“ಇದನ್ನ ಮಾಡೋರು ಯಾರು?”

ಯಾರೂ ಮಾತಾಡಲಿಲ್ಲ. ಹಿಂದೆ ಕೂತಿದ್ದ ಅಜ್ಜಿಯೊಬ್ಬರು, “ದೇವರ ಕೈಯಲ್ಲಿರೋದು ಅಂದಮೇಲೆ ದೇವರೇ ಮಾಡಿರಬೇಕು ಬುಡಮ್ಮ” ಎಂದರು. ಎಲ್ಲರೂ ನಕ್ಕರು. ಆಗ ಪಕ್ಕದಲ್ಲಿದ್ದ ಅಕ್ಕ, “ದೇವರಲ್ಲ ಅಜ್ಜಿ, ಸಿಂಗೋನಹಳ್ಳಿಯೋರು ಮಾಡ್ತಾರೆ. ಹಲಸಿನ ಮರದಲ್ಲಿ” ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಮತ್ತೆ ಹೇಳಿದರು. “ನಮ್ಮ ಬದುವಿನ ಹಲಸಿನ ಮರಾನೂ ಹೋದ ವರ್ಷ ಮಾರಿದ್ವಿ. ಅದು ವೀಣೆ ಆಯ್ತೋ, ಇಟ್ಟಿಗೆ ಗೂಡಿಗೆ ಹೋಯ್ತೋ, ಯಾರಿಗೆ ಗೊತ್ತು?”

“ಎಷ್ಟಕ್ಕೆ ಮಾರಿದಿರಿ? ಅಳತೆ ಮಾಡಿದ್ರಾ?” ಎಂದೆ.

“ಎಲ್ಲಿಯ ಅಳತೆ? ಮರದ ಸುತ್ತ ಒಂದು ಸುತ್ತು ಬಂದ. ಇಷ್ಟು ಕೊಡ್ತೀನಿ ಅಂದ. ನಮ್ಮ ಮನೆಯೋರು ಹೂಂ ಅಂದ್ರು. ಅಷ್ಟೇ.”

ಈ ಪಾಠ ಬರೆಯಲು ಆ ಮಾತೇ ಕಾರಣ. ಮರ ವೀಣೆಯಾಗುವುದು ಹೇಗೆ? ಅದರಲ್ಲಿ ಅಳತೆಯ ಕೆಲಸ ಎಷ್ಟಿದೆ? ನೋಡೋಣ ಬನ್ನಿ.

ನಮ್ಮ ದಾಬಸ್‌ಪೇಟೆ ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿದೆ. ನೆಲಮಂಗಲ ತಾಲ್ಲೂಕು. ತಲೆ ಎತ್ತಿದರೆ ಶಿವಗಂಗೆ ಬೆಟ್ಟ ಕಾಣುತ್ತದೆ. ದಾಬಸ್‌ಪೇಟೆಗೆ ಹತ್ತಿರದ ಹಳ್ಳಿ ಸಿಂಗೋನಹಳ್ಳಿ. ಅಲ್ಲಿ ವೀಣೆ ಮಾಡುವ ಕುಶಲಕರ್ಮಿಗಳಿದ್ದಾರೆ. ಆ ಊರಿನ ಪೆನ್ನ ಓಬಳಯ್ಯನವರು ಈ ಕೆಲಸದಲ್ಲಿ ದೊಡ್ಡ ಹೆಸರು ಪಡೆದವರು. ದೊಡ್ಡ ಯಂತ್ರದ ಕೆಲಸ ಇದಲ್ಲ. ಮನೆಯ ಜಗಲಿ, ಮುಂದಿನ ಚಪ್ಪರ, ಒಂದು ಕೋಣೆ ಇದ್ದರೆ ಅದೇ ಕಾರ್ಖಾನೆ. ಉಳಿ, ಕೊಡತಿ, ಬಾಚಿ, ಗರಗಸ, ಬೈರಿಗೆ, ಅರ ಇವೇ ಮುಖ್ಯ ಸಾಮಾನು. ಇವು ನಿಮ್ಮೂರ ಬಡಗಿಯ ಮನೆಯಲ್ಲೂ ಇರುತ್ತವೆ.

ವೀಣೆಗೆ ಹಲಸಿನ ಮರವೇ ಯಾಕೆ? ಮಾವು ಆಗದೇ? ಬೇವು ಆಗದೇ?

ಹಲಸಿನ ಮರ ತೀರ ಭಾರವಲ್ಲ, ತೀರ ಹಗುರವೂ ಅಲ್ಲ. ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಅದರ ಚೇಗಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಚೇಗು ಎಂದರೆ ಮರದ ಒಳಗಿನ ಬಲಿತ ಭಾಗ. ಕಡಿದಾಗ ಅದು ಅರಿಶಿನದ ಹಾಗೆ ಹಳದಿ ಇರುತ್ತದೆ. ವರ್ಷ ಕಳೆದ ಹಾಗೆ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. (ಆ ಹಳದಿ ಬಣ್ಣದಿಂದಲೇ ಹಿಂದೆ ಬೌದ್ಧ ಸನ್ಯಾಸಿಗಳ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು.) ಎಲ್ಲಕ್ಕಿಂತ ಮುಖ್ಯ, ಒಣಗಿದ ಹಲಸಿನ ಹಲಗೆಯನ್ನು ಬೆರಳಿನಿಂದ ತಟ್ಟಿದರೆ ಒಳ್ಳೆಯ ದನಿ ಕೊಡುತ್ತದೆ. ಮೈಸೂರು ಕಡೆ ಬೀಟೆ ಮರದಲ್ಲೂ ವೀಣೆ ಮಾಡುತ್ತಾರೆ. ತಮಿಳುನಾಡಿನ ತಂಜಾವೂರಿನಲ್ಲಿ ಹಲಸೇ. ತಂಜಾವೂರು ವೀಣೆಗೆ 2013ರಲ್ಲಿ ಸರ್ಕಾರದ ಊರ ಗುರುತು ಸಿಕ್ಕಿತು. ಅಂದರೆ ‘ಇದು ಇದೇ ಊರಿನ ವಸ್ತು’ ಎಂದು ಕಾನೂನು ಒಪ್ಪಿದ ಹಾಗೆ. ಮೈಸೂರು ಮಲ್ಲಿಗೆಗೂ ಇಂಥದೇ ಗುರುತು ಇದೆ.

ವೀಣೆಯ ದೊಡ್ಡ ಭಾಗಕ್ಕೆ ಕೊಡ ಎನ್ನುತ್ತಾರೆ. ನೀವು ನೀರು ತರುವ ಕೊಡದ ಹೆಸರೇ. ಅದರ ಅಗಲ ಒಂದು ಅಡಿಗಿಂತ ಹೆಚ್ಚು. ಅದನ್ನು ಬಲಿತ ಚೇಗಿನಲ್ಲೇ ತೆಗೆಯಬೇಕು. ಹಾಗಾಗಿ ಎಳೆಯ ಮರ ಬರುವುದಿಲ್ಲ. ಹತ್ತಾರು ವರ್ಷ ಬೆಳೆದ ದಪ್ಪ ಮರವೇ ಬೇಕು. ನಿಮ್ಮ ಅತ್ತೆ ಮದುವೆಯಾಗಿ ಬಂದಾಗ ನೆಟ್ಟ ಮರ ನಿಮ್ಮ ಸೊಸೆಯ ಕಾಲಕ್ಕೆ ವೀಣೆಗೆ ಬರಬಹುದು.

ಇಂಥ ಮರವನ್ನು ಕಣ್ಣಳತೆಯಲ್ಲಿ ಮಾರುವುದು ಸರಿಯಲ್ಲ. ಮರದ ಲೆಕ್ಕ ಬಹಳ ಸುಲಭ. ಒಂದು ದಾರ ಸಾಕು.

ದಿಮ್ಮಿಯ ನಡುವೆ ದಾರ ಸುತ್ತಿ. ಅದು ಸುತ್ತಳತೆ. ಆ ದಾರವನ್ನು ಎರಡು ಸಲ ಮಡಿಸಿ. ಈಗ ಅದು ನಾಲ್ಕನೇ ಒಂದು ಭಾಗವಾಯಿತು. ಸುತ್ತಳತೆ 4 ಅಡಿ ಇದ್ದರೆ ಅದರ ಕಾಲು ಭಾಗ 1 ಅಡಿ. ಈ ಕಾಲು ಭಾಗವನ್ನು ಅದರಿಂದಲೇ ಗುಣಿಸಿ. 1 × 1 = 1. ಅದನ್ನು ದಿಮ್ಮಿಯ ಉದ್ದದಿಂದ ಗುಣಿಸಿ. ಉದ್ದ 6 ಅಡಿ ಇದ್ದರೆ 1 × 6 = 6. ಅಂದರೆ 6 ಘನ ಅಡಿ ಮರ. ಮರದ ಅಂಗಡಿಯವರು ಇದನ್ನೇ ‘ಸಿಎಫ್‌ಟಿ’ ಎನ್ನುತ್ತಾರೆ.

ಈಗ ಸುತ್ತಳತೆ 6 ಅಡಿ ಇರುವ ಮರ ತೆಗೆದುಕೊಳ್ಳಿ. ಕಾಲು ಭಾಗ ಒಂದೂವರೆ ಅಡಿ. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ ಎರಡೂಕಾಲು. ಉದ್ದ ಅದೇ 6 ಅಡಿ. ಒಟ್ಟು ಹದಿಮೂರೂವರೆ ಘನ ಅಡಿ. ನೋಡಿದಿರಾ? ಕಣ್ಣಿಗೆ ಮರ ಒಂದೂವರೆ ಪಟ್ಟು ದಪ್ಪ ಕಂಡಿತು. ಲೆಕ್ಕದಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ಕಣ್ಣಳತೆಯಲ್ಲಿ ಹಣ ಹೋಗುವುದು ಇಲ್ಲೇ.

ಇನ್ನೊಂದು ಮಾತು. ಈ ಕಾಲು ಭಾಗದ ಲೆಕ್ಕದಲ್ಲಿ ಬರುವುದು ನಿಜವಾದ ಮರಕ್ಕಿಂತ ಕಡಿಮೆ. ತೊಗಟೆಗೆ, ಗರಗಸದ ಪುಡಿಗೆ ಎಂದು ಸುಮಾರು ಐದನೇ ಒಂದು ಭಾಗ ಆಗಲೇ ಕಳೆದಿರುತ್ತದೆ. ‘ತೊಗಟೆಗೆ ಅಂತ ಇನ್ನಷ್ಟು ಕಳೀರಮ್ಮ’ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ.

ಈಗ ವೀಣೆಗೆ ಬರೋಣ.

ದಿಮ್ಮಿ ಮನೆಗೆ ಬಂದ ಕೂಡಲೆ ಕೆಲಸ ಶುರುವಾಗುವುದಿಲ್ಲ. ಹಸಿ ಮರದಲ್ಲಿ ಮಾಡಿದರೆ ಆಮೇಲೆ ಬಿರುಕು ಬಿಡುತ್ತದೆ, ಸೊಟ್ಟಗಾಗುತ್ತದೆ. ಹಸಿ ಸೌದೆ ಒಲೆಯಲ್ಲಿ ಹೊಗೆಯಾಡುವುದು ನಿಮಗೆ ಗೊತ್ತು. ಮರದೊಳಗೆ ನೀರು ಇರುತ್ತದೆ. ಅದು ನಿಧಾನವಾಗಿ ಹೋಗಬೇಕು. ಅದಕ್ಕೆ ನೆರಳಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಹಾಕಿದರೆ ಹೊರಗೆ ಬೇಗ ಒಣಗಿ, ಒಳಗೆ ಹಸಿ ಉಳಿದು, ಸೀಳುತ್ತದೆ.

ಆಮೇಲೆ ಬಾಚಿಯಿಂದ ಹೊರಗಿನ ಆಕಾರ ತೆಗೆಯುತ್ತಾರೆ. ವೀಣೆಯ ಉದ್ದ ಸುಮಾರು 4 ಅಡಿ. ಒಂದು ಕೊನೆಗೆ ಕೊಡ. ಕೊಡದಿಂದ ಹೊರಡುವ ಉದ್ದ ಭಾಗ ದಂಡಿ. ಇನ್ನೊಂದು ಕೊನೆಯಲ್ಲಿ ಕೆಳಕ್ಕೆ ಬಾಗಿದ ಯಾಳಿಯ ಮುಖ. ಯಾಳಿ ಎಂದರೆ ಸಿಂಹದ ಹಾಗಿರುವ ಕಲ್ಪನೆಯ ಪ್ರಾಣಿ. ದೇವಸ್ಥಾನದ ಕಂಬಗಳಲ್ಲಿ ನೋಡಿರುತ್ತೀರಿ. ಇವನ್ನೆಲ್ಲ ಬೇರೆ ಬೇರೆ ಮಾಡಿ ಅಂಟಿಸಬಹುದು. ಹಿಂದೆ ಮರವಜ್ರದಿಂದ ಅಂಟಿಸುತ್ತಿದ್ದರು. ಈಗ ಫೆವಿಕಾಲ್ ಬಂದಿದೆ. ಕೊಡ, ದಂಡಿ, ತಲೆ ಮೂರನ್ನೂ ಒಂದೇ ಮರದಲ್ಲಿ ಕಡೆದರೆ ಅದು ಏಕಾಂಡ ವೀಣೆ. ಅದಕ್ಕೆ ಗೌರವ ಹೆಚ್ಚು, ಬೆಲೆಯೂ ಹೆಚ್ಚು. ಅಷ್ಟು ದೊಡ್ಡ ದಿಮ್ಮಿ ಸಿಗುವುದೇ ಕಷ್ಟ. ಕೊನೆಯಲ್ಲಿ ಒಂದು ಬಿರುಕು ಕಂಡರೂ ಪೂರ್ತಿ ಕೆಲಸ ಹಾಳು.

ಹೊರಗಿನ ಆಕಾರ ಬಂದ ಮೇಲೆ ಒಳಗೆ ಕೊರೆಯುವುದು. ನನಗೆ ಈ ಕೆಲಸವೇ ಬಹಳ ಸೋಜಿಗ. ಗಟ್ಟಿ ಮರವನ್ನು ಉಳಿಯಿಂದ ತೋಡುತ್ತ ತೋಡುತ್ತ ಕೊಡವನ್ನು ಟೊಳ್ಳು ಮಾಡುತ್ತಾರೆ. ದಂಡಿಯನ್ನೂ ದೋಣಿಯ ಹಾಗೆ ತೋಡುತ್ತಾರೆ. ಮರದ ಬಹುಪಾಲು ಚಕ್ಕೆಯಾಗಿ ಕೆಳಗೆ ಬೀಳುತ್ತದೆ. ಉಳಿದ ತೆಳು ಗೋಡೆಯೇ ವೀಣೆ. ಗೋಡೆ ದಪ್ಪ ಉಳಿದರೆ ದನಿ ಹೊರಡುವುದಿಲ್ಲ. ತೆಳುವಾದರೆ ಒಡೆಯುತ್ತದೆ. ಎಷ್ಟು ಸಾಕು ಎಂದು ಗೊತ್ತಾಗುವುದು ಹೇಗೆ?

ಸಂತೆಯಲ್ಲಿ ಮಡಕೆ ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಬೆರಳು ಮಡಿಸಿ ಬಡಿದು ನೋಡುತ್ತೀರಿ. ‘ಠಣ್’ ಎಂದರೆ ಚೆನ್ನಾಗಿದೆ. ‘ಬದ್’ ಎಂದರೆ ಸೀಳಿದೆ. ಹಲಸಿನ ಹಣ್ಣನ್ನೂ ಹಾಗೇ ತಟ್ಟಿ ನೋಡುತ್ತೀರಿ. ವೀಣೆ ಮಾಡುವವರೂ ಅದನ್ನೇ ಮಾಡುತ್ತಾರೆ. ಸ್ವಲ್ಪ ತೋಡುತ್ತಾರೆ, ತಟ್ಟಿ ಕೇಳುತ್ತಾರೆ. ಮತ್ತೆ ತೋಡುತ್ತಾರೆ. ಕೈ ಮತ್ತು ಕಿವಿ ಎರಡೂ ಒಟ್ಟಿಗೆ ಕಲಿಯುವ ಕೆಲಸ ಇದು. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಕಲಿಯಬೇಕು.

ಟೊಳ್ಳು ಕೊಡದ ಮೇಲೆ ತೆಳು ಹಲಗೆ ಮುಚ್ಚುತ್ತಾರೆ. ಅದರಲ್ಲಿ ಚಿಕ್ಕ ಚಿಕ್ಕ ತೂತುಗಳನ್ನು ರಂಗೋಲಿ ಚುಕ್ಕಿಯ ಹಾಗೆ ಸುತ್ತಾಗಿ ಕೊರೆಯುತ್ತಾರೆ. ಅಂಚಿಗೆ ಬಿಳಿ ಪಟ್ಟಿಯ ಅಲಂಕಾರ. ಹಿಂದೆ ಅದು ಆನೆಯ ದಂತ, ಜಿಂಕೆಯ ಕೊಂಬು. ದಂತದ ವ್ಯಾಪಾರವನ್ನು ಕಾನೂನು ನಿಲ್ಲಿಸಿತು. ಈಗ ಪ್ಲಾಸ್ಟಿಕ್ ಪಟ್ಟಿ. ಆನೆಗೆ ಒಳ್ಳೆಯದಾಯಿತು. ವೀಣೆಯ ದನಿಗೆ ಅದರಿಂದ ಏನೂ ಕಡಿಮೆಯಾಗಿಲ್ಲ.

ದಂಡಿಯ ಕೆಳಗೆ, ತಲೆಯ ಹತ್ತಿರ, ಒಂದು ಸೋರೆ ಬುರುಡೆ ಇರುತ್ತದೆ. ಬೀಜ ತುಂಬಿಡಲು ಹಿಂದೆ ನಮ್ಮ ಮನೆಗಳಲ್ಲಿ ಇಡುತ್ತಿದ್ದರಲ್ಲ, ಅಂಥದೇ. ನುಡಿಸುವವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಈ ಬುರುಡೆಯನ್ನು ಎಡ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಒಳ್ಳೆಯ ಸೋರೆ ಸಿಗದೆ ಈಗ ಫೈಬರ್ ಬುರುಡೆಯೂ ಬಂದಿದೆ.

ವೀಣೆಗೆ 7 ತಂತಿ. ನಾಲ್ಕು ತಂತಿ ನುಡಿಸಲು. ಮೂರು ತಂತಿ ತಾಳಕ್ಕೆ, ಅವು ಪಕ್ಕದಲ್ಲಿರುತ್ತವೆ. ತಂತಿ ಬಿಗಿ ಮಾಡಲು, ಸಡಿಲ ಮಾಡಲು ಮರದ ಬಿರಡೆಗಳಿವೆ. ಕೊಡದ ಮೇಲೆ ತಂತಿಗಳು ಹಾದು ಹೋಗುವ ಚಿಕ್ಕ ಪೀಠಕ್ಕೆ ಕುದುರೆ ಎಂದು ಹೆಸರು. ತಂತಿಗಳು ಅದರ ಮೇಲೆ ಸವಾರಿ ಮಾಡುತ್ತವೆ ಅಂತ ಇರಬೇಕು! ಕುದುರೆಯ ಮೇಲೆ ಲೋಹದ ತಗಡು ಕೂರಿಸುತ್ತಾರೆ. ಆ ತಗಡು ಚಪ್ಪಟೆಯಲ್ಲ. ಸ್ವಲ್ಪ ಉಬ್ಬಿರುತ್ತದೆ. ಅರದಿಂದ ಉಜ್ಜಿ ಉಜ್ಜಿ ಆ ಉಬ್ಬು ತರುತ್ತಾರೆ. ಒಂದು ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ದನಿ ಕೆಡುತ್ತದೆ.

ಆ ಉಬ್ಬು ಯಾಕೆ ಬೇಕು? ಇದನ್ನು ಒಬ್ಬ ದೊಡ್ಡ ವಿಜ್ಞಾನಿ ಕೂತು ಯೋಚಿಸಿದರು. ಅವರೇ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಬಹುಮಾನ ಪಡೆದವರು. ಆಮೇಲೆ ಬೆಂಗಳೂರಿನಲ್ಲೇ ನೆಲೆಸಿದರು. ಅವರು 1921ರಲ್ಲಿ ನಮ್ಮ ತಂತಿ ವಾದ್ಯಗಳ ಬಗ್ಗೆ ಒಂದು ಲೇಖನ ಬರೆದರು. ತಂತಿ ಅದುರುವಾಗ ಅಗಲವಾದ ಉಬ್ಬು ಕುದುರೆಯನ್ನು ಸವರುತ್ತಾ ಇರುತ್ತದೆ. ಅದರಿಂದ ಒಂದು ದನಿಯ ಜೊತೆಗೆ ಇನ್ನೂ ಹಲವು ಸಣ್ಣ ದನಿಗಳು ಹುಟ್ಟುತ್ತವೆ. ವೀಣೆ, ತಂಬೂರಿ ದನಿ ಝೇಂಕಾರ ಕೊಡುವುದು ಅದಕ್ಕೇ. ರಾಮನ್ ಅದಕ್ಕೆ ಕಾರಣ ಹೇಳಿದರು. ಆ ಕುದುರೆಯನ್ನು ಮೊದಲು ಉಜ್ಜಿದವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಇನ್ನು ಕೊನೆಯ ಕೆಲಸ, ಎಲ್ಲಕ್ಕಿಂತ ನಾಜೂಕಿನದು. ಮೆಟ್ಟಿಲು ಕೂರಿಸುವುದು.

ದಂಡಿಯ ಮೇಲೆ ಅಡ್ಡಡ್ಡಕ್ಕೆ ಲೋಹದ ಸರಳುಗಳಿರುತ್ತವೆ. ಅವೇ ಮೆಟ್ಟಿಲು. ಒಟ್ಟು 24. ಯಾವ ಮೆಟ್ಟಿಲಿನ ಹತ್ತಿರ ತಂತಿ ಒತ್ತುತ್ತೀರೋ ಆ ಸ್ವರ ಬರುತ್ತದೆ. 24 ಮೆಟ್ಟಿಲಿನ ಈ ಏರ್ಪಾಡು 17ನೇ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಬಂತು ಎನ್ನುತ್ತಾರೆ.

ಮೆಟ್ಟಿಲು ಎಲ್ಲಿ ಕೂರಬೇಕು? ಇದನ್ನು ನಮ್ಮ ಕೇಂದ್ರದಲ್ಲಿ ಹೂ ಕಟ್ಟುವ ದಾರದಿಂದ ಮಾಡಿ ನೋಡಿದೆವು. ನೀವೂ ಮಾಡಿ.

32 ಇಂಚು ಉದ್ದದ ದಾರ ತೆಗೆದುಕೊಳ್ಳಿ. ಇದು ವೀಣೆಯ ತಂತಿ ಎಂದುಕೊಳ್ಳಿ. ಪೂರ್ತಿ ತಂತಿ ಮೀಟಿದರೆ ಕೆಳಗಿನ ‘ಸ’ ಎಂದು ಇಟ್ಟುಕೊಳ್ಳೋಣ. ದಾರವನ್ನು ಸರಿಯಾಗಿ ಎರಡು ಮಡಿಸಿ. 16 ಇಂಚು. ಅಲ್ಲಿ ಒತ್ತಿ ಮೀಟಿದರೆ ಮೇಲಿನ ‘ಸ’. ಅದು 12ನೇ ಮೆಟ್ಟಿಲು. ಅರ್ಧವನ್ನು ಮತ್ತೆ ಅರ್ಧ ಮಾಡಿ. 8 ಇಂಚು. ಅಲ್ಲಿ ಇನ್ನೂ ಮೇಲಿನ ‘ಸ’. ಅದು 24ನೇ ಮೆಟ್ಟಿಲು, ಕೊನೆಯದು. ಕುದುರೆಯಿಂದ ಮುಕ್ಕಾಲು ಉದ್ದದಲ್ಲಿ, ಅಂದರೆ 24 ಇಂಚಿನಲ್ಲಿ ‘ಮ’ ಬರುತ್ತದೆ. ಅದು 5ನೇ ಮೆಟ್ಟಿಲು. ದಾರವನ್ನು ಮೂರು ಭಾಗ ಮಾಡಿ, ಎರಡು ಭಾಗ ಬಿಟ್ಟರೆ ‘ಪ’. ಅದು 7ನೇ ಮೆಟ್ಟಿಲು.

ಒಂದು ವಿಚಾರ ಗಮನಿಸಿದಿರಾ? ಮೊದಲ 12 ಮೆಟ್ಟಿಲಿಗೆ 16 ಇಂಚು ಜಾಗ. ಉಳಿದ 12 ಮೆಟ್ಟಿಲಿಗೆ ಬರೀ 8 ಇಂಚು. ಹಾಗಾಗಿ ಮೆಟ್ಟಿಲುಗಳು ಸಮವಾಗಿ ಇರುವುದಿಲ್ಲ. ತಲೆಯ ಕಡೆ ಸುಮಾರು ಒಂದೂಮುಕ್ಕಾಲು ಇಂಚಿನ ಅಂತರ. ಕೊಡದ ಕಡೆ ಬರೀ ಅರ್ಧ ಇಂಚು. ಇದನ್ನು ಹೇಳಿದಾಗ ಅಜ್ಜಿ, “ಇದೇನು ಬೆಟ್ಟದ ಮೆಟ್ಟಿಲು ಇದ್ದಂಗೆ, ಮೇಲೆ ಹೋದಂಗೆ ಇಕ್ಕಟ್ಟು” ಎಂದರು. ಶಿವಗಂಗೆ ಹತ್ತಿದವರಿಗೆ ಅದು ಗೊತ್ತು.

ಆದರೆ ದಾರದ ಅಳತೆ ಅಷ್ಟೇ ಸಾಲದು. ತಂತಿಯನ್ನು ಒತ್ತಿದಾಗ ಅದು ಸ್ವಲ್ಪ ಬಿಗಿಯಾಗುತ್ತದೆ. ದನಿ ಸ್ವಲ್ಪ ಏರುತ್ತದೆ. ಅದನ್ನು ಕಿವಿಯಿಂದ ಕೇಳಿ ಸರಿ ಮಾಡಬೇಕು. ಅದಕ್ಕೇ ಮೆಟ್ಟಿಲನ್ನು ಮರಕ್ಕೆ ಮೊಳೆ ಹೊಡೆದು ಕೂರಿಸುವುದಿಲ್ಲ. ಜೇನುಮೇಣಕ್ಕೆ ಇದ್ದಿಲ ಪುಡಿ ಸೇರಿಸಿ ಕಾಯಿಸಿ, ದಂಡಿಯ ಮೇಲೆ ಎರಡು ಸಾಲು ಕಟ್ಟೆ ಕಟ್ಟುತ್ತಾರೆ. ಆ ಕರಿ ಮೇಣದ ಮೇಲೆ ಮೆಟ್ಟಿಲು ಕೂರುತ್ತದೆ. ಮೇಣ ಬೆಚ್ಚಗಿರುವಾಗ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ ಸರಿಸಬಹುದು. ಮೀಟುತ್ತಾರೆ, ಸರಿಸುತ್ತಾರೆ. ಮತ್ತೆ ಮೀಟುತ್ತಾರೆ. ಹೀಗೆ 24 ಮೆಟ್ಟಿಲು.

ಪಿಟೀಲು ನೋಡಿದ್ದೀರಾ? ಹರಿಕಥೆಯಲ್ಲಿ ಪಕ್ಕದಲ್ಲಿ ಕೂತು ಕಮಾನು ಎಳೆಯುತ್ತಾರಲ್ಲ, ಅದು. ಅದಕ್ಕೆ ಮೆಟ್ಟಿಲೇ ಇಲ್ಲ. ಅದು ಯೂರೋಪಿನಿಂದ ಬಂದ ವಾದ್ಯ. ಇಟಲಿ ದೇಶದ ಕ್ರೆಮೋನಾ ಎಂಬ ಊರಿನಲ್ಲಿ ಸ್ಟ್ರಾಡಿವರಿ ಎಂಬ ಕುಶಲಕರ್ಮಿ ಪಿಟೀಲು ಮಾಡುತ್ತಿದ್ದ. ಅವನೂ ತಂದೆ ಮಕ್ಕಳು ಸೇರಿ ಮನೆಯಲ್ಲೇ ಮಾಡಿದವನು. 1737ರಲ್ಲಿ ತೀರಿಕೊಂಡ. ಅವನು ಮಾಡಿದ ಪಿಟೀಲುಗಳನ್ನು ಇಂದಿಗೂ ನುಡಿಸುತ್ತಾರೆ. ಅವಕ್ಕೆ ಕೋಟಿಗಟ್ಟಲೆ ಬೆಲೆ. ಮಾಡಿದವನ ಹೆಸರನ್ನು ವಾದ್ಯದ ಒಳಗೆ ಚೀಟಿಯಲ್ಲಿ ಅಂಟಿಸಿರುತ್ತದೆ. ಹೆಸರು ಉಳಿಯಲು ಆ ಚೀಟಿಯೂ ಒಂದು ಕಾರಣ.

ನಮ್ಮಲ್ಲಿ ನುಡಿಸಿದವರ ಹೆಸರು ಉಳಿದಿದೆ. ಮೈಸೂರು ಅರಮನೆಯ ವೀಣೆ ಶೇಷಣ್ಣ (1852–1926) ಹೆಸರು ಕೇಳದವರಿಲ್ಲ. ಮದ್ರಾಸಿನ ವೀಣಾ ಧನಮ್ಮಾಳ್ (1867–1938) ವೀಣೆಯಿಂದಲೇ ಬದುಕು ಕಟ್ಟಿ ಹೆಸರಾದ ಹೆಣ್ಣುಮಗಳು. ಅವರ ವೀಣೆಗಳನ್ನು ಕಡೆದವರು ಯಾರು ಎಂದು ಕೇಳಿದರೆ ಹೇಳುವವರು ಕಡಿಮೆ.

ಒಂದು ವೀಣೆಗೆ ವಾರಗಟ್ಟಲೆ ಕೆಲಸ ಹಿಡಿಯುತ್ತದೆ. ಮರಕ್ಕೆ, ತಂತಿಗೆ, ಹಿತ್ತಾಳೆಗೆ ಮೊದಲೇ ಹಣ ಹಾಕಬೇಕು. ವೀಣೆ ಕೊಳ್ಳುವವರು ದಿನಾ ಬರುವುದಿಲ್ಲ. ಅತ್ತ ದಾಬಸ್‌ಪೇಟೆ ಪಕ್ಕದ ಸೋಂಪುರದಲ್ಲಿ ಕೈಗಾರಿಕಾ ಪ್ರದೇಶ ಬಂದಿದೆ. ಫ್ಯಾಕ್ಟರಿಗೆ ಹೋದರೆ ತಿಂಗಳಿಗೆ ಸಂಬಳ. ‘ಕಲಿಯೋಕೆ ವರ್ಷಗಟ್ಟಲೆ ಬೇಕು, ಅಷ್ಟರಲ್ಲಿ ಹೊಟ್ಟೆಗೇನು?’ ಎಂದು ಹುಡುಗರು ಕೇಳಿದರೆ ತಪ್ಪು ಹೇಳಲಾಗದು. ಮನೆಗೆಲಸದ ಕಸುಬಿನಲ್ಲಿ ಇನ್ನೊಂದು ಕಷ್ಟವಿದೆ. ಉಜ್ಜುವುದು, ಒರೆಸುವುದು, ಬಂದವರಿಗೆ ಕಾಫಿ, ಕೆಲಸದವರಿಗೆ ಊಟ ಇದೆಲ್ಲ ಮನೆಯ ಹೆಂಗಸರ ಪಾಲಿಗೆ ಬರುತ್ತದೆ. ಬೀಡಿ ಆಗಲಿ, ಊದುಬತ್ತಿ ಆಗಲಿ, ಮಗ್ಗ ಆಗಲಿ ಇದೇ ಕಥೆ. ಬೆಲೆ ಹೇಳುವಾಗ ಮರದ ದುಡ್ಡು ಸೇರಿಸುತ್ತಾರೆ, ಗಂಡಸಿನ ಕೂಲಿ ಸೇರಿಸುತ್ತಾರೆ. ಇವರ ಕೂಲಿ ಮರೆತೇ ಹೋಗುತ್ತದೆ. ಒಂದು ನೋಟ್ ಪುಸ್ತಕದಲ್ಲಿ ಯಾರು ಯಾವ ದಿನ ಎಷ್ಟು ಹೊತ್ತು ಕೆಲಸ ಮಾಡಿದರು ಎಂದು ಬರೆದಿಟ್ಟರೆ, ಬೆಲೆ ಹೇಳುವಾಗ ಅದು ಕಣ್ಣ ಮುಂದೆ ಇರುತ್ತದೆ. ಎಷ್ಟು ಮುಂಗಡ ಬಂತು, ಬಾಕಿ ಎಷ್ಟು ಎನ್ನುವುದೂ ಅದರಲ್ಲೇ ಇರಲಿ.

ಮಾರಿದ ಮೇಲೂ ವೀಣೆಯ ಕೆಲಸ ಮುಗಿಯುವುದಿಲ್ಲ. ಬೇಸಿಗೆಯಲ್ಲಿ ಮೇಣ ಮೆತ್ತಗಾಗುತ್ತದೆ. ಮೆಟ್ಟಿಲು ಜರುಗುತ್ತದೆ, ಸ್ವರ ತಪ್ಪುತ್ತದೆ. ತಂತಿ ಉಜ್ಜಿ ಉಜ್ಜಿ ಮೆಟ್ಟಿಲು ಸವೆಯುತ್ತದೆ. ಕೆಲವು ವರ್ಷಕ್ಕೊಮ್ಮೆ ಹಳೆ ಮೇಣ ತೆಗೆದು ಹೊಸದಾಗಿ ಮೆಟ್ಟಿಲು ಕೂರಿಸಬೇಕು. ಆಗ ವೀಣೆ ಮತ್ತೆ ಮಾಡುವವರ ಮನೆಗೆ ಬರುತ್ತದೆ. ಹೊಸ ವೀಣೆಗೆ ಗಿರಾಕಿ ಇಲ್ಲದ ತಿಂಗಳಲ್ಲಿ ಈ ರಿಪೇರಿ ಕೆಲಸವೇ ಮನೆ ನಡೆಸುತ್ತದೆ.

ಮರ ಮಾರಿದ್ದ ಅಕ್ಕನ ಹಿತ್ತಿಲಲ್ಲಿ ಇನ್ನೊಂದು ಹಲಸಿನ ಮರ ಇದೆ. ಹೋದ ವಾರ ಅವರು ದಾರ ಸುತ್ತಿ ಅಳತೆ ತೆಗೆದು, ಸ್ಲೇಟಿನಲ್ಲಿ ಬರೆದು ತಂದಿದ್ದರು. ಸುತ್ತಳತೆ 5 ಅಡಿ 4 ಇಂಚು. ಕಾಲು ಭಾಗ 1 ಅಡಿ 4 ಇಂಚು. ಅಕ್ಷರ ಸ್ವಲ್ಪ ಸೊಟ್ಟ ಇತ್ತು, ಲೆಕ್ಕ ಸರಿ ಇತ್ತು.

“ಮಾರ್ತೀರಾ ಅಕ್ಕ?” ಎಂದೆ.

“ಇಲ್ಲ ಕಣಮ್ಮ. ಈ ವರ್ಷ ಬೇಜಾನ್ ಕಾಯಿ ಬಿಟ್ಟಿದೆ. ಹಣ್ಣಾಗಲಿ, ನಿಮಗೂ ತಂದ್ಕೊಡ್ತೀನಿ” ಎಂದರು.